ರುಕ್ಕಮ್ಮನ ಜಾಕೆಟಿನ ಕಚ್ಚಾ ಹೊಲಿಗೆ

ಆ ಬುಧವಾರ ನಾನು ಮಾಡಿದ ಕೆಲಸಗಳು: ಬೆಳಿಗ್ಗೆ ಐದೂವರೆಗೆ ನಲ್ಲಿಯ ನೀರು ಹಿಡಿದದ್ದು. ಅಂಬರನಾಥದ ಕಾರ್ಖಾನೆಗೆ ಹೋಗುವ ಗಂಡನ ಡಬ್ಬಿ ಕಟ್ಟಿದ್ದು. ಎರಡು ಸೀರೆಗೆ ಫಾಲ್. ಒಂದು ಶಾಲಾ ಪ್ಯಾಂಟಿನ ಮಡಿಕೆ ಬಿಚ್ಚಿ ಉದ್ದ ಮಾಡಿದ್ದು. ಜೀನ್ಸಿಗೆ ಜಿಪ್. ಮದುವೆ ಬ್ಲೌಸಿನ ತೋಳು ಸಡಿಲಿಸಿದ್ದು. ಮೆಷಿನ್ನಿಗೆ ಎಣ್ಣೆ. ಇವುಗಳ ನಡುವೆ, ಮದುವೆಯವರು ಫೋನಿನಲ್ಲಿ ಅವಸರಪಡಿಸುತ್ತಿದ್ದಾಗ, ರುಕ್ಕಮ್ಮನ ಜಾಕೆಟಿನ ಕಚ್ಚಾ ಹೊಲಿಗೆಯನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದ್ದು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಮುಂಬಯಿ ಬಳಿಯ ಡೊಂಬಿವಿಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ಏಳು ನಿಮಿಷದ ದಾರಿಯಲ್ಲಿ, ನನ್ನ ಆಲ್ಟರೇಶನ್ ಅಂಗಡಿ ಆಗ ಇಪ್ಪತ್ತಾರನೆಯ ವರ್ಷಕ್ಕೆ ಬಂದಿತ್ತು. ಹೊಸ ಬಟ್ಟೆ ನಾನು ಹೊಲಿಯುವುದಿಲ್ಲ. ಯಾರೋ ಹೊಲಿದದ್ದನ್ನು ದೊಡ್ಡದು, ಚಿಕ್ಕದು ಮಾಡುತ್ತೇನೆ, ಹರಿದದ್ದನ್ನು ಕೂಡಿಸುತ್ತೇನೆ.

ರುಕ್ಕಮ್ಮನ ವಿಷಯ ನಮ್ಮ ಕಡೆಯ ಹೆಂಗಸರಿಗೆಲ್ಲ ಗೊತ್ತು. ಬ್ರಿಟಿಷರ ಕಾಲದಲ್ಲಿ ಕುಂದಾಪುರದ ಕಡೆಯಿಂದ ಅಣ್ಣನ ಜೊತೆ ಪಕ್ಕದ ಕಲ್ಯಾಣ್ ಊರಿಗೆ ಬಂದ ವಿಧವೆ. ಅಣ್ಣ ರೈಲ್ವೆ ಕ್ಯಾಂಟೀನಿನಲ್ಲಿ, ತಂಗಿ ರೈಲ್ವೆ ಸಾಹೇಬರ ಹೆಂಡಿರ ಬಟ್ಟೆಯ ಕೆಲಸದಲ್ಲಿ. ಬಂಗಲೆಯ ಒಳಗೆ ಬಿಡುತ್ತಿರಲಿಲ್ಲವಂತೆ. ಮೆಟ್ಟಿಲ ಕೆಳಗೆ ನಿಂತು ಮೇಮ್‌ಸಾಬಳನ್ನು ಒಂದು ಸಲ ನೋಡಿದರೆ ಸಾಕು, ಅಳತೆಪಟ್ಟಿ ಬೇಡ. ಮನೆಗೆ ಬಂದು ಕತ್ತರಿಸಿ ಕಟ್ಟಿಕೊಟ್ಟದ್ದು ಮೈಗೆ ಅಂಟಿದ ಹಾಗೆ ಕೂರುತ್ತಿತ್ತಂತೆ. ಒಮ್ಮೆ ಹಾಕಿದ ಹೊಲಿಗೆಯನ್ನು ಬಿಚ್ಚಿದವಳೇ ಅಲ್ಲವಂತೆ. ಕೊನೆಗೆ ಒಂದು ಜಾಕೆಟ್ ಮುಗಿಸುವ ಮೊದಲೇ, ಸೂಜಿ ಬೆರಳಲ್ಲಿರುವಾಗಲೇ ಹೋದಳಂತೆ. ಆ ಜಾಕೆಟನ್ನು ಮೇಮ್‌ಸಾಬ್ ತಾನು ಇಟ್ಟುಕೊಳ್ಳದೆ ಮನೆಯವರಿಗೇ ಕಳಿಸಿದಳು.

ಕೆನೆಬಣ್ಣದ ಲಿನನ್ನಿನ ಆ ಜಾಕೆಟ್ ರುಕ್ಕಮ್ಮನ ಮೊಮ್ಮಗಳು ಸುಮತಿಯಕ್ಕನ ಬಳಿ ಇತ್ತು. ಎಪ್ಪತ್ತೆಂಟು ವರ್ಷ, ನೆರೂಳಿನಲ್ಲಿ ಮಗಳ ಮನೆಯಲ್ಲಿ ವಾಸ. ನಮ್ಮ ಕನ್ನಡ ಸಂಘದವರು ಠಾಣೆಯಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಇಡುವವರಿದ್ದರು. ಜಾಕೆಟಿನ ಒಳಗಿನ ಅಸ್ತರು ಹರಿದಿತ್ತು. ಅದನ್ನು ಸರಿಮಾಡಲು ನನ್ನ ಕೈಗೆ ಬಂತು. ಕೊಡುವಾಗ ಸುಮತಿಯಕ್ಕ ಹೇಳಿದ್ದು ಒಂದೇ ಮಾತು:

"ಅಜ್ಜಿಯ ಹೊಲಿಗೆ ಒಂದೂ ಹೋಗ್ಬಾರ್ದು ಗಿರಿಜಾ. ನನ್ನ ಹತ್ರ ಅವಳದ್ದು ಅಂತ ಬೇರೆ ಎಂತದೂ ಇಲ್ಲ. ಒಂದು ಫೋಟೊ ಸಹ ಇಲ್ಲ."

"ಹೋಗುದಿಲ್ಲ ಅಕ್ಕ," ಎಂದು ನಾನು ಮಾತು ಕೊಟ್ಟೆ.

ಕಚ್ಚಾ ಹೊಲಿಗೆ ಎಂದರೆ ಮೆಷಿನ್ನಿಗೆ ಕೊಡುವ ಮೊದಲು ಬಟ್ಟೆ ಜರುಗದಿರಲೆಂದು ಕೈಯಿಂದ ಹಾಕುವ ಉದ್ದುದ್ದ ಟಾಕೆ. ಕೆಲಸ ಮುಗಿದ ಮೇಲೆ ಅದನ್ನು ಕೀಳಬೇಕು. ಕಚ್ಚಾ ದಾರ ಕಾಣುವ ಬಟ್ಟೆಯನ್ನು ಗಿರಾಕಿಗೆ ಕೊಡುವುದು ನಮ್ಮಲ್ಲಿ ನಾಚಿಕೆಗೇಡು. ನನಗೆ ಕಲಿಸಿದ ಟೀಚರ್ ಅದಕ್ಕೇ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಹಾಗಾಗಿ ಜಾಕೆಟಿನ ಎರಡು ಬದಿಯಲ್ಲಿ, ಕೆಳಗಿನ ಮಡಿಕೆಯಲ್ಲಿ, ಮೆಷಿನ್ ಹೊಲಿಗೆಯ ಪಕ್ಕದಲ್ಲೇ ಬಿಳಿ ದಾರ ಕಂಡಾಗ ನನ್ನ ಕೈ ನನ್ನನ್ನು ಕೇಳಲಿಲ್ಲ. ಎರಡು ನಿಮಿಷದ ಕೆಲಸ. ನಂತರ ಅಸ್ತರನ್ನು ಮನಸ್ಸಿಟ್ಟು ಹೊಲಿದೆ. ಗುರುವಾರ ಬೆಳಿಗ್ಗೆ ಕಸದ ಗಂಟಾಗಾಡಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು.

ಹತ್ತು ಗಂಟೆಗೆ ಸುಮತಿಯಕ್ಕನ ಫೋನು.

"ಒಂದು ಹೇಳ್ಲಿಕ್ಕೆ ಮರ್ತೆ ಮಾರಾಯ್ತಿ. ಮೆಷಿನ್ ಹೊಲಿಗೆಯೆಲ್ಲ ಅವಳು ಹೋದ ಮೇಲೆ ಬಂಗಲೆಯ ದರ್ಜಿ ಹಾಕಿದ್ದು. ಅಜ್ಜಿ ಹತ್ರ ಮೆಷಿನ್ ಎಲ್ಲಿತ್ತು? ಆ ಬಿಳಿ ದಾರ ಉಂಟಲ್ಲ, ಅದು ಮಾತ್ರ ಅವಳ ಕೈದು. ಪ್ರದರ್ಶನದಲ್ಲಿ ಅದು ಕಾಣುವ ಹಾಗೆ ಇಡ್ಲಿಕ್ಕೆ ಹೇಳು."

"ಆಯ್ತಕ್ಕ," ಎಂದೆ.

ಪಕ್ಕದ ಅಂಗಡಿಯಲ್ಲಿ ಡ್ರೆಸ್ಸಿಗೆ ಮಣಿ ಹಾಕುವ ಶಬಾನಾ ನನ್ನ ಮುಖ ನೋಡಿ ಓಡಿ ಬಂದಳು. ವಿಷಯ ಕೇಳಿ ಅವಳಿಗೆ ಸಮಾಧಾನವೇ ಆಯಿತು. "ಅರೇ ದೀದಿ, ಇತ್‌ನಾ ಹೀ? ತೂತು ಇದೆಯಲ್ಲ? ಅದೇ ತೂತಲ್ಲಿ ವಾಪಸ್ ಟಾಕೆ ಮಾರ್ ದೋ. ಮುದುಕಿಗೆ ಏನು ಗೊತ್ತಾಗುತ್ತೆ?"

ಹಳೆಯ ಬಿಳಿ ದಾರದ ಉಂಡೆ ಹುಡುಕಿದೆ. ಸೂಜಿ ಪೋಣಿಸಿ, ತೂತು ಹಿಡಿದು ಆರು ಟಾಕೆ ಹಾಕಿದೆ. ಮೊದಲಿನ ಹಾಗೆಯೇ ಕಂಡಿತು. ಗುರುತು ಸಿಗದಷ್ಟು ಹೋಲುತ್ತಿದೆ ಎನಿಸಿದಾಗಲೇ ನನಗೆ ಹೆದರಿಕೆಯಾದದ್ದು. ಪ್ರದರ್ಶನದ ದಿನ ಜನ ಸಾಲಾಗಿ ನಿಂತು ನನ್ನ ಟಾಕೆಗೆ ಕೈ ಮುಗಿಯುತ್ತಾರೆ. ಆರನ್ನೂ ಕಿತ್ತೆ.

ಕೀಳುವಾಗ ಬಟ್ಟೆಯನ್ನು ಬೆಳಕಿಗೆ ಹಿಡಿದಿದ್ದೆ. ಲಿನನ್ನು ಸೂಜಿಯ ತೂತನ್ನು ಬೇಗ ಮುಚ್ಚಿಕೊಳ್ಳುವುದಿಲ್ಲ. ಎರಡು ಬದಿಯಲ್ಲೂ ಕಚ್ಚಾ ಟಾಕೆಯ ತೂತಿನ ಒಂದೊಂದೇ ಸಾಲು ಇರಬೇಕಿತ್ತು. ಮೂರು ಮೂರು ಇದ್ದವು, ಕಾಲು ಇಂಚಿನ ಅಂತರದಲ್ಲಿ. ಎರಡು ಸಲ ಕಟ್ಟಿ, ಬಿಗಿಯಾಯಿತೆಂದು ಬಿಚ್ಚಿ, ಮೂರನೆಯ ಸಲ ಸಡಿಲವಾಗಿ ಕಟ್ಟಿದ ಗುರುತು ಅದು. ನಾನು ದಿನವಿಡೀ ಮಾಡುವ ಕೆಲಸವೇ. ಮೇಮ್‌ಸಾಬ್ ದಪ್ಪವಾದಳೋ ರುಕ್ಕಮ್ಮನ ಕಣ್ಣಳತೆ ತಪ್ಪಿತೋ, ಬಟ್ಟೆ ಅಷ್ಟನ್ನು ಹೇಳುವುದಿಲ್ಲ.

ಶುಕ್ರವಾರ ಬೆಳಿಗ್ಗೆಯೇ ಅಂಗಡಿ ಮುಚ್ಚಿ, ಠಾಣೆಯಲ್ಲಿ ಗಾಡಿ ಬದಲಿಸಿ ನೆರೂಳಿಗೆ ಹೋದೆ. ಎರಡು ಗಾಡಿಯಲ್ಲೂ ಕೂರಲು ಜಾಗವಿರಲಿಲ್ಲ. ಚೀಲವನ್ನು ಎದೆಗೊತ್ತಿ ನಿಂತೆ. ಸುಮತಿಯಕ್ಕ ಬಾಗಿಲು ತೆಗೆದ ಕೂಡಲೇ, ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ.

ಅವರು ಜಾಕೆಟನ್ನು ಮಡಿಲಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.

"ಎಲ್ಲ ಕಿತ್ತಿಯಾ?"

"ಎಲ್ಲ."

"ಒಂದು ಚೂರು ಸಹ ಇಲ್ವಾ?"

"ಇಲ್ಲ ಅಕ್ಕ. ಗಂಟಾಗಾಡಿಗೆ ಹೋಯ್ತು."

"ಐವತ್ತು ವರ್ಷ ನಾನು ಇದಕ್ಕೆ ಇಸ್ತ್ರಿ ತಾಗಿಸ್ಲಿಲ್ಲ, ದಾರ ಸುಟ್ಟೀತು ಅಂತ. ನೀನು ದೊಡ್ಡ ಕಸುಬಿನವಳು ಅಂತ ಕೊಟ್ರೆ!"

ಬೈಯಿಸಿಕೊಂಡೆ. ನಂತರ ಅವರ ತೋರುಬೆರಳು ಹಿಡಿದು ಮೂರು ಸಾಲಿನ ಮೇಲೆ ಒಂದೊಂದಾಗಿ ಆಡಿಸಿ, ಅದು ಏನೆಂದು ಹೇಳಿದೆ.

"ಮೂರು ಸಲ?"

"ಮೂರು ಸಲ."

ಸುಮತಿಯಕ್ಕ ತಾವೇ ಇನ್ನೊಮ್ಮೆ ಬೆರಳಾಡಿಸಿದರು. "ಹನ್ನೆರಡು ವರ್ಷ ಇರುವಾಗ ನಾನೊಂದು ಲಂಗ ತಪ್ಪಿ ಹೊಲಿದೆ. ಅಮ್ಮ ಕೈಯಿಂದ ಕಿತ್ಕೊಂಡ್ಲು. ನಿನ್ನ ಅಜ್ಜಿ ಹಾಕಿದ್ದನ್ನು ಬಿಚ್ಚಿದವಳಲ್ಲ, ನಿನಗೆ ಆ ಕೈ ಬರ್ಲಿಲ್ಲ ಅಂದ್ಲು. ಮತ್ತೆ ನಾನು ಸೂಜಿ ಮುಟ್ಲಿಲ್ಲ." ನನ್ನ ಮುಖ ನೋಡಿ ಸೇರಿಸಿದರು: "ಹಾಗಂತ ನಿನ್ನನ್ನು ಬಿಟ್ಟೆ ಅಂತ ತಿಳ್ಕೊಬೇಡ."

ಅಲ್ಲಿಂದಲೇ ಸಂಘದ ಕಾರ್ಯದರ್ಶಿಗೆ ಫೋನು ಮಾಡಿದರು. ಜಾಕೆಟಿನ ಪಕ್ಕ ಇಡುವ ಬರೆಹದ ಕಾರ್ಡಿನಲ್ಲಿ, ಅಜ್ಜಿ ಎರಡು ಸಲ ಬಿಚ್ಚಿ ಮೂರನೆಯ ಸಲ ಕಟ್ಟಿದ್ದನ್ನು ಹಾಕಬೇಕು ಎಂದರು. ಆ ಕಡೆಯಿಂದ ಗಟ್ಟಿ ದನಿ ನನಗೂ ಕೇಳುತ್ತಿತ್ತು. "ಅದೆಲ್ಲ ಬೇಡ ಅಮ್ಮ. ಜನ ಬರುದು ರುಕ್ಕಮ್ಮನನ್ನು ನೋಡ್ಲಿಕ್ಕೆ, ತೂತು ನೋಡ್ಲಿಕ್ಕಲ್ಲ."

"ಹಾಗಾದ್ರೆ ಜಾಕೆಟ್ಟೂ ಇಲ್ಲ," ಎಂದು ಫೋನು ಇಟ್ಟುಬಿಟ್ಟರು.

ಪ್ರದರ್ಶನದಲ್ಲಿ ಜಾಕೆಟಿನ ಫೋಟೊ ಇಟ್ಟರು, ನನ್ನ ಕೈಗೆ ಬರುವ ಮೊದಲು ತೆಗೆದದ್ದು. ಕೆಳಗೆ ಹಳೆಯ ಕಥೆಯೇ ಇತ್ತು. ಓದಿ ಬಂದೆ.

ಈ ಕಸುಬು ನನಗೆ ಕಲಿಸಿದ್ದು ಇಷ್ಟು: ಬಟ್ಟೆಯಲ್ಲಿ ಯಾವ ದಾರ ಮುಖ್ಯ ಎನ್ನುವುದು ಹೊಲಿಯುವವಳಿಗೆ ಗೊತ್ತಿರಬೇಕೆಂದಿಲ್ಲ, ತಂದವರನ್ನು ಕೇಳಬೇಕು. ಈಗ ಚೀಟಿಯಲ್ಲಿ ಅಳತೆಗಿಂತ ಮೊದಲು, ಯಾವುದನ್ನು ಮುಟ್ಟಬಾರದು ಎಂದು ಬರೆದುಕೊಳ್ಳುತ್ತೇನೆ. ಹೊತ್ತು ಹಿಡಿಯುತ್ತದೆ, ಗಿರಾಕಿಗಳು ಗೊಣಗುತ್ತಾರೆ. ಗೊಣಗಲಿ.

ಆ ಶುಕ್ರವಾರ ಸುಮತಿಯಕ್ಕ ನನ್ನನ್ನು ಉಣ್ಣದೆ ಕಳಿಸಲಿಲ್ಲ. ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಹುರಿದ ಹಪ್ಪಳ, ಮಜ್ಜಿಗೆ. ಎರಡನೆಯ ಸಲ ಹುಳಿಯನ್ನು ಕೇಳದೆಯೇ ಹಾಕಿದರು. ಊಟವಾದ ಮೇಲೆ ಹೊರಕೋಣೆಯಲ್ಲಿ ಎರಡು ಚಾಪೆ ಹಾಸಿ, "ಬಿಸಿಲು ಇಳಿದ ಮೇಲೆ ಹೋಗು," ಎಂದರು. ಅವರು ಮಲಗಲಿಲ್ಲ. ಕಿಟಕಿಯ ಬಳಿ ಕುಳಿತು, ಜಾಕೆಟಿನ ಬದಿಯ ಮೇಲೆ ಬೆರಳಾಡಿಸುತ್ತ ತೂತು ಎಣಿಸುತ್ತಿದ್ದರು. ನಲವತ್ತರವರೆಗೆ ಕೇಳಿದ ನೆನಪು. ಅಷ್ಟರಲ್ಲಿ ನಾನೇ ನಿದ್ದೆ ಹೋದೆ.