ಮದುವೆ ಹಾಲ್‌ಗೆ ನಾನು ಎಳೆದ ಒಂದೇ ಲೈನು

ಗಲ್ಫಿನಲ್ಲಿ ದೊಡ್ಡ ಕಟ್ಟಡಗಳ ಎಸಿ, ಲೈಟುಗಳನ್ನು ಕಂಪ್ಯೂಟರಿನಿಂದ ನಡೆಸುವ ಕೆಲಸ ಮಾಡಿ ಬಂಟ್ವಾಳಕ್ಕೆ ಮರಳಿದಾಗ, ಊರಿಗೆಲ್ಲ ಬುದ್ಧಿ ಕಲಿಸುವ ಹುರುಪು ನನ್ನಲ್ಲಿತ್ತು. ಮೊದಲು ಸಿಕ್ಕಿದ್ದು ಮೂಡುಬಿದಿರೆಯ ಒಂದು ಮದುವೆ ಹಾಲ್. ಅದನ್ನು ನೋಡಿಕೊಳ್ಳುತ್ತಿದ್ದವರು ನಿವೃತ್ತ ಗಣಿತದ ಟೀಚರ್.

ಎಸಿ, ಲೈಟುಗಳನ್ನು ನಡೆಸಲು ಮಹಡಿಗೊಂದು ಕಂಟ್ರೋಲ್ ಪೆಟ್ಟಿಗೆ. ಅವನ್ನೆಲ್ಲ ಕೆಳಗಿನ ಆಫೀಸಿನ ಕಂಪ್ಯೂಟರಿಗೆ ಜೋಡಿಸುವ ಮುಖ್ಯ ಕೇಬಲನ್ನು ಹೇಗೆ ಎಳೆಯಬೇಕೆಂಬುದನ್ನು ನಾನು ತೀರ್ಮಾನಿಸಬೇಕಿತ್ತು. ಪ್ರತಿ ಮಹಡಿಗೂ ಬೇರೆ ಬೇರೆ ಎಳೆಯಬಹುದಿತ್ತು. ಇಲ್ಲವೇ ಮೇಲೆ ಹೋದದ್ದನ್ನು ಇನ್ನೊಂದು ದಾರಿಯಿಂದ ಕೆಳಗೆ ತಂದು ಬಳೆಯ ಹಾಗೆ ಕೂಡಿಸಬಹುದಿತ್ತು. ನಾನು ಆರಿಸಿದ್ದು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಿ ಕೊನೆಯ ಮಹಡಿಯಲ್ಲಿ ಮುಗಿಯುವ ಒಂದೇ ಲೈನನ್ನು. ಅದನ್ನು ವಿವರಿಸಲು ಮೂರು ಬಣ್ಣದ ನಕ್ಷೆ ಹಿಡಿದು, ಆ ಸೆಕೆಯಲ್ಲೂ ಶೂ ಹಾಕಿಕೊಂಡು ಹೋಗಿದ್ದೆ.

ಟೀಚರ್ ಎಲ್ಲವನ್ನೂ ಕೇಳಿಸಿಕೊಂಡು, "ಮಧ್ಯದಲ್ಲಿ ತುಂಡಾದರೆ ಮೇಲಿನವು ಏನು ಮಾಡ್ತವೆ?" ಎಂದರು.

ಕೇಬಲು ಗೋಡೆಯೊಳಗಿರುತ್ತದೆ, ಯಾರೂ ಮುಟ್ಟುವುದಿಲ್ಲ ಎಂದು ನಕ್ಕೆ. ಅಷ್ಟಕ್ಕೇ ಬಿಡದೆ, ನಾನು ನಲವತ್ತು ಮಹಡಿಯ ಕಟ್ಟಡಗಳನ್ನು ನೋಡಿದವನು ಎಂದೂ ಸೇರಿಸಿದೆ. ಅಲ್ಲಿ ನೋಡಿದ್ದು ಬೇರೆಯವರು ಎಳೆದ ಕೇಬಲುಗಳನ್ನು ಎಂಬುದನ್ನು ಮಾತ್ರ ಹೇಳಲಿಲ್ಲ.

ಕೆಲವು ತಿಂಗಳ ನಂತರ ಅದೇ ಹಾಲ್‌ನಲ್ಲಿ ನೆಂಟರ ಮದುವೆ. ಮೂರನೇ ಮಹಡಿಯಲ್ಲಿ ಬಾಳೆಲೆಯ ಮುಂದೆ ಕುಳಿತು, ಇಲ್ಲಿ ಯಾರೂ ಒಂದು ಸ್ವಿಚ್ಚನ್ನೂ ಮುಟ್ಟಬೇಕಾಗಿಲ್ಲ ಎಂದು ಪಕ್ಕದಲ್ಲಿದ್ದ ಭಾವನಿಗೆ ಹೇಳುತ್ತಿದ್ದೆ. ಆಗಲೇ ಎಸಿ ನಿಂತಿತು. ಭಾವ ಬೆವರು ಒರೆಸಿಕೊಂಡು, "ಈಗ ಮುಟ್ಟಬಹುದಲ್ಲ ಮಾರಾಯ?" ಎಂದ.

ಕೈ ತೊಳೆದು ಕೆಳಗೆ ಓಡಿದೆ. ಸಂಜೆಯ ಆರತಕ್ಷತೆಗೆ ಹೂವಿನ ಕಮಾನು ಕಟ್ಟುವವರು ಒಂದನೇ ಮಹಡಿಯ ಗೋಡೆಗೆ ಡ್ರಿಲ್ ಇಳಿಸಿದ್ದರು, ಸರಿಯಾಗಿ ನನ್ನ ಕೇಬಲಿನ ಮೇಲೆ. ಆಫೀಸಿನಿಂದ ಆದೇಶ ಬಾರದಿದ್ದರೆ ಕರೆಂಟ್ ಉಳಿಸಲು ಎಸಿ ತಾನಾಗಿ ನಿಲ್ಲಲಿ ಎಂಬ ಬುದ್ಧಿವಂತಿಕೆಯೂ ನನ್ನದೇ. ರೇಷ್ಮೆ ಶರ್ಟು, ಮಡಚಿ ಕಟ್ಟಿದ ಪಂಚೆಯಲ್ಲಿ ಮೆಟ್ಟಿಲು ಹತ್ತಿ, ಒಂದೊಂದೇ ಪೆಟ್ಟಿಗೆ ತೆರೆದು ಕೈಯಿಂದಲೇ ಎಸಿ ಚಾಲೂ ಮಾಡಿದೆ. ಮರಳುವಷ್ಟರಲ್ಲಿ ನನ್ನ ಎಲೆ ತೆಗೆದಾಗಿತ್ತು. ಬಾಗಿಲಲ್ಲಿ ನಿಂತಿದ್ದ ಟೀಚರ್ ಮುಂದಿನ ಪಂಕ್ತಿಗೆ ಕೂರಲು ಕೈ ತೋರಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರುವಾರ ತುಂಡಾದ ಕೇಬಲನ್ನು ಸರಿಪಡಿಸಿ, ಒಂದು ದಾರಿ ಕಡಿದರೆ ಆದೇಶವನ್ನು ಇನ್ನೊಂದು ದಾರಿಗೆ ತಿರುಗಿಸುವ ನೆಟ್‌ವರ್ಕ್ ಸ್ವಿಚ್‌ಗಳನ್ನು ಪೆಟ್ಟಿಗೆಗಳೊಳಗೆ ಹಾಕಿ, ಕೊನೆಯ ಮಹಡಿಯಿಂದ ಹಿಂಬದಿಯ ಮೆಟ್ಟಿಲ ಪಕ್ಕದಲ್ಲಿ ಇನ್ನೊಂದು ಕೇಬಲನ್ನು ಆಫೀಸಿಗೆ ಇಳಿಸಿದೆ. ಬಳೆ ಕೂಡಿತು; ನಕ್ಷೆಯಲ್ಲೂ ಅದನ್ನು ಗುರುತಿಸಿ ಟೀಚರ್‌ಗೆ ಕೊಟ್ಟೆ. ನನ್ನ ಮಾತಿನ ಮೇಲೆ ಭರವಸೆ ಉಳಿದಿರಲಿಲ್ಲವೇನೋ, ಟೀಚರ್ ತಾವೇ ಒಂದನೇ ಮಹಡಿಯ ಪೆಟ್ಟಿಗೆಯಿಂದ ಕೇಬಲನ್ನು ಕಿತ್ತು, ನಿಧಾನವಾಗಿ ಮೇಲೆ ಹತ್ತಿ, ಎಸಿ ನಡೆಯುತ್ತಿರುವುದನ್ನು ನೋಡಿ ಬಂದರು. ಆಮೇಲೆ, ಎರಡು ಕಡೆ ತುಂಡಾದರೆ ಹೇಗೆ ಎಂದು ಕೇಳಿದರು.

ಈ ಸಲ ನಗಲಿಲ್ಲ. "ಆಗ ಆ ಎರಡರ ಮಧ್ಯೆ ಇರುವವು ನಿಲ್ತವೆ ಟೀಚರ್. ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ," ಎಂದೆ.

"ಅಷ್ಟು ಹೇಳಿದರೆ ಸಾಕು," ಎಂದು ಅವರು ನಕ್ಷೆಯನ್ನು ಮಡಚಿ ಕಪಾಟಿನಲ್ಲಿಟ್ಟರು.