ಮೇಣದ ಕೊಪ್ಪರಿಗೆಗೆ ಬಿದ್ದ ತೀರ್ಥ

ಜೇವರ್ಗಿ ಬಸ್ ನಿಲ್ದಾಣದ ಹೊರಗೆ ಚಪ್ಪಲಿಯ ಪಟ್ಟಿ ಹೊಲಿಸಲು ನಿಂತಿದ್ದೆ. ಹೊಲಿಯುವ ಹಿರಿಯರು ದಾರವನ್ನು ಒಂದು ಕಂದು ಗಟ್ಟಿಗೆ ತಿಕ್ಕಿ ಎಳೆದರು. ಬಿಸಿಲಿಗೆ ಮೆತ್ತಗಾಗಿದ್ದ ಆ ಗಟ್ಟಿಯಿಂದ ರಾಳ ಮತ್ತು ಎಣ್ಣೆ ಬೆರೆತಂಥ ವಾಸನೆ ಬಂತು... ಬಸ್ಸು ಬಂದು ಹೋದದ್ದೂ ನನಗೆ ತಿಳಿಯಲಿಲ್ಲ.

"ಇದು ಆಳಂದದ ಮೇಣ ಅಲ್ಲೇನ್ರಿ?" ಎಂದೆ.

"ಹೌದ್ರಿ. ಈಗ ಎಲ್ಲಿ ಸಿಗ್ತದ? ನಮ್ಮಪ್ಪ ತಂದಿಟ್ಟದ್ದು. ಕೇಳಬ್ಯಾಡ್ರಿ, ಮಾರಂಗಿಲ್ಲ!" ಎಂದು ಅವರು ಗಟ್ಟಿಯನ್ನು ತೊಡೆಯ ಕೆಳಗೆ ಸರಿಸಿಕೊಂಡರು.

ಆ ಮೇಣ ಮಾಡುತ್ತಿದ್ದವರು ಆಳಂದದಲ್ಲಿ ನಮ್ಮ ಪಕ್ಕದ ಮನೆಯ ಕಾಕಾ. ಮನೆಯ ಹಿಂದೆಯೇ ಅವರ ತಗಡಿನ ಶೆಡ್ಡು. ಮೇಣ ಎಂದರೆ ಮೇಣಬತ್ತಿ ಎಂದುಕೊಂಡು ಬಂದವರನ್ನು ಅವರು ಚಹಾ ಕುಡಿಸಿ ವಾಪಸು ಕಳಿಸುತ್ತಿದ್ದರು. ಅವರದು ಕೆಲಸದ ಮೇಣ. ಚಪ್ಪಲಿಯ ದಾರಕ್ಕೆ, ಎತ್ತಿನ ಹಗ್ಗಕ್ಕೆ, ಭೀಮಾ ದಂಡೆಯ ಪಂಪ್‌ಸೆಟ್ಟುಗಳ ವೈರಿನ ಜೋಡಣೆಗೆ ನೀರು ಇಳಿಯದಂತೆ ಬಳಿಯಲು. ಸೊನ್ನದ ಕಡೆಯ ರೈತರು ಬೈಕಿನ ಮೇಲೆ ಬಂದು ಒಯ್ಯುತ್ತಿದ್ದರು. ಇಷ್ಟೆಲ್ಲ ಇದ್ದರೂ ಆ ಕಾರ್ಖಾನೆಯ ಬಗ್ಗೆ ಎಲ್ಲಿಯೂ ಒಂದು ಸಾಲು ಬರೆದದ್ದಿಲ್ಲ. ಹೀಗಾಗಿ ಆ ದಿನದಿಂದ ರಜೆ ಸಿಕ್ಕಾಗಲೆಲ್ಲ ನಾನೇ ಮೂರು ತಾಲೂಕು ತಿರುಗಿ ಕೇಳುತ್ತ ಬಂದೆ.

ಮೇಣ ಕಾಸಲು ಕಾಕಾ ಬಳಸುತ್ತಿದ್ದದ್ದು ಬೆಲ್ಲದ ಕೊಪ್ಪರಿಗೆ. ಅಫಜಲಪುರದ ಹತ್ತಿರ ಅವರ ತಾಯಿಯ ತವರಿನಲ್ಲಿ ಕಬ್ಬಿನ ಗಾಣ ನಿಂತುಹೋದಾಗ ಆ ಅಗಲದ ಪಾತ್ರೆಯನ್ನು ಎತ್ತಿನ ಗಾಡಿಯಲ್ಲಿ ಹೇರಿಕೊಂಡು ಬಂದಿದ್ದರಂತೆ. ಹೀಗೆ ಶುರುವಾಯಿತು ಕಾರ್ಖಾನೆ.

ಶೆಡ್ಡಿಗೆ ಒಂದೇ ಕಾಯಿದೆ: ನೀರು ಒಳಗೆ ಬರಬಾರದು. ನಮ್ಮ ಕಡೆ ಮನೆಗೆ ಬಂದವರಿಗೆ ಮಾತಿಗಿಂತ ಮೊದಲು ನೀರು ಕೊಡುತ್ತಾರೆ. ಕಾಕಾ ಮಾತ್ರ ಬಂದವರನ್ನು ಬೇವಿನ ಮರದ ಕೆಳಗೆ ಕರೆದೊಯ್ದು ಅಲ್ಲಿ ಕೊಡುತ್ತಿದ್ದರು.

"ಕಾಕಾ, ಒಳಗ ಕರ್ದು ಒಂದ್ ತಂಬಿಗಿ ನೀರ ಕೊಡಲಿಕ್ಕ ಜೀವ ಬರಂಗಿಲ್ಲೇನ್ರಿ?" ಎಂದು ಗಿರಾಕಿಗಳು ಛೇಡಿಸುತ್ತಿದ್ದರು.

"ಹೊರಗ ಕೊಡಗಟ್ಟಲೆ ಕುಡಿಯಲೇ. ಒಳಗ ಒಂದ್ ಹನಿ ತಂದಿ ಅಂದ್ರ ಕಾಲ ಮುರೀತೇನಿ!"

ಕಾದ ಮೇಣಕ್ಕೆ ನೀರು ಬಿದ್ದರೆ ಅದು ತಳಕ್ಕಿಳಿದು, ಒಮ್ಮೆಲೇ ಆವಿಯಾಗಿ, ಮೇಣವನ್ನೆಲ್ಲ ಮೇಲಕ್ಕೆ ಚಿಮ್ಮಿಸುತ್ತದೆ. ಡಿಗ್ರಿಯಲ್ಲಿ ಓದಿದ್ದ ನನಗೆ ಇದು ಗೊತ್ತಿತ್ತು. ಆದರೆ ಗೊತ್ತಿರುವುದು ಬೇರೆ, ಕಾಣುವುದು ಬೇರೆ...

ಅದನ್ನು ಕಂಡ ಆ ಬೆಳಿಗ್ಗೆ ಶೆಡ್ಡಿನಲ್ಲಿ ಹೊಸ ಗ್ಯಾಸಿನ ಒಲೆಯ ಪೂಜೆ ಇತ್ತು; ಕೊಪ್ಪರಿಗೆಯಲ್ಲಿ ಮೇಣ ಆಗಲೇ ಕಾದಿತ್ತು. ಹಬ್ಬದ ಮುಖದಲ್ಲಿದ್ದರು ಎಲ್ಲರೂ. ತೆಂಗಿನಕಾಯಿಯಲ್ಲೂ ನೀರಿರುತ್ತದಲ್ಲ, ಅದನ್ನು ಒಡೆಯುವುದೂ ಬೇವಿನ ಕೆಳಗೇ. ಕೆಲಸಗಾರರು ಅಲ್ಲಿದ್ದರು. ಶೆಡ್ಡಿನೊಳಗೆ ಕಾಕಾ, ನಾವೆಲ್ಲ ಆಯಿ ಎನ್ನುತ್ತಿದ್ದ ಅವರ ತಾಯಿ, ನಾನು, ಮೂವರೇ. ಆಯಿ ಹಿಂದಿನ ದಿನ ಘತ್ತರಗಿಗೆ ಹೋಗಿ ದೇವಿಯ ದರ್ಶನ ಮಾಡಿ ಬಂದಿದ್ದಳು. ಅವಳ ತವರಿನ ಗಾಣದಲ್ಲಿ ಮೊದಲ ಕುದಿಗೆ ತೀರ್ಥ ಹಾಕುವುದು ಪದ್ಧತಿ. ಕುದಿಯುವ ಕಬ್ಬಿನ ಹಾಲಿಗೆ ನೀರು ಬಿದ್ದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಕೊಪ್ಪರಿಗೆ ಅದೇ, ಕೈಯೂ ಅದೇ. ಕಾಕಾ ಒಲೆಗೆ ಊದುಬತ್ತಿ ಬೆಳಗಲು ಬಗ್ಗಿದ್ದಾಗ ಆಯಿ ಸೆರಗಿನಿಂದ ತೀರ್ಥದ ಪುಟ್ಟ ತಾಮ್ರದ ಗಿಂಡಿ ತೆಗೆದು, ಕಣ್ಣು ಮುಚ್ಚಿ, ಕೊಪ್ಪರಿಗೆಗೆ ಬಗ್ಗಿಸಿಬಿಟ್ಟಳು.

ಮೊದಲು ಚಟಚಟ ಎಂದಿತು. ಆಮೇಲೆ ಕೊಪ್ಪರಿಗೆಯೇ ಉಸಿರು ಎಳೆದುಕೊಂಡಂತೆ ಒಂದು ಸದ್ದು. ಹಳದಿ ನೊರೆ ಅಂಚು ದಾಟಿ ಒಲೆಗೆ ಸುರಿದು, ಬೆಂಕಿ ತಗಡಿನವರೆಗೆ ಎದ್ದಿತು. ಕಾಕಾ ತಾಯಿಯನ್ನು ಎಡಗೈಯಿಂದ ಬಳಸಿ ನನ್ನ ಮೇಲೆ ತಳ್ಳಿದರು. ಹೊರಗಿನವರು "ಬೆಂಕಿ! ನೀರ ತರ್ರಿ!" ಎಂದು ಕೊಡ ಎತ್ತಿಕೊಂಡು ಬಾಗಿಲಿಗೇ ಬಂದರು. ಆ ಕೊಡ ಬಿದ್ದಿದ್ದರೆ ಇವತ್ತು ಇದನ್ನು ಬರೆಯಲು ನಾನಿರುತ್ತಿರಲಿಲ್ಲ.

"ನೀರ ಬ್ಯಾಡ್ರೋ! ನೀರ ಬ್ಯಾಡ! ಉಸುಕ!" ಎಂದು ಕಾಕಾ ಕೂಗಿದರು.

ಕೊಡ ಹೊಸ್ತಿಲಲ್ಲೇ ನಿಂತಿತು. ಕಾಕಾ ಗ್ಯಾಸು ಬಂದ್ ಮಾಡಿ, ತಗಡಿನ ಮುಚ್ಚಳ ಎಳೆದು ಕೊಪ್ಪರಿಗೆ ಮುಚ್ಚಿದರು. ಉಳಿದವರು ಉಸುಕು ಸುರಿದರು. ಬೆಂಕಿ ಆರಿತು. ಅವರ ಬಲಗೈಗೆ ಮೇಣ ಮೊಣಕೈವರೆಗೆ ಅಂಟಿ, ಕಂದು ಗವಸು ತೊಟ್ಟಂತೆ ಕಾಣುತ್ತಿತ್ತು.

"ಏನಾತೋ ತಮ್ಮಾ?" ಎಂದಳು ಆಯಿ.

"ಬರ್ನರ್ ಕೆಟ್ಟಿತ್ತಬೇ. ನಾನ ನೋಡ್ಕೊಳ್ಳಲಿಲ್ಲ," ಎಂದರು ಕಾಕಾ. ಹೇಳುತ್ತ ನನ್ನನ್ನು ನೋಡಿದರು. ನಾನು ತಲೆ ಆಡಿಸಿದೆ. ಗಿಂಡಿಯನ್ನು ಅವರು ಕಾಲಿನಿಂದ ಚೀಲಗಳ ಹಿಂದೆ ಸರಿಸಿದ್ದು ನನಗೆ ಕಂಡಿತ್ತು.

ಇಂದಿಗೂ ಒಗ್ಗರಣೆಗೆ ಹಸಿ ಕರಿಬೇವು ಹಾಕುವ ಮುನ್ನ ಬಟ್ಟೆಯಲ್ಲಿ ಒರೆಸುತ್ತೇನೆ. ಆದರೂ ಚಟ್ ಎಂದರೆ ಬೆನ್ನು ಗೋಡೆಗೆ ತಾಗುವವರೆಗೆ ಹಿಂದೆ ಸರಿಯುತ್ತೇನೆ. ಮನಸ್ಸು ಆ ಕೊಡವನ್ನು ಹೊಸ್ತಿಲಲ್ಲಿ ಎಷ್ಟು ಸಲ ನಿಲ್ಲಿಸಿದೆಯೋ...

ಊರಿಗೂ ಕಾಕಾ ಬರ್ನರ್ ಮಾತನ್ನೇ ಹೇಳಿದರು. ಕಾಕಾನ ಕೈ ಮಾಯಿತು, ಹೆಸರು ಮಾಯಲಿಲ್ಲ. ಈಗಲೂ ಅಫಜಲಪುರದಲ್ಲಿ ಮೋಟಾರು ರಿಪೇರಿ ಅಂಗಡಿಯವರೊಬ್ಬರು, "ಮಾಲು ಬಂಗಾರ ಇತ್ತ್ರಿ, ಮನಷ್ಯಾ ಬೇಪರ್ವಾ. ಬರ್ನರ್ ನೋಡ್ಕೊಳ್ಳದವ ಮೇಣ ಏನ್ ಮಾಡ್ಯಾನು?" ಎಂದರು. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗಿ, ಕೆಲ ವರ್ಷಗಳಲ್ಲಿ ಶೆಡ್ಡು ಮುಚ್ಚಿತು. ಕಾಕಾ ಎಂದೂ ಸಿಡುಕಲಿಲ್ಲ. ಬೇವಿನ ಕೆಳಗೆ ತಾಯಿಯ ಪಕ್ಕ ಕೂತು ಶೇಂಗಾ ಸುಲಿಯುತ್ತ, ಅವಳು ಹೇಳಿದ ಕಥೆಯನ್ನೇ ಮತ್ತೆ ಕೇಳಿ ಹೊಸದೆಂಬಂತೆ ನಗುತ್ತಿದ್ದರು.

ಆಯಿ ಮೊದಲು ಹೋದಳು, ಆಮೇಲೆ ಕಾಕಾ. ಇನ್ನು ಯಾರಿಗೂ ನೋವಾಗದು ಎಂದು, ಕಳೆದ ತಿಂಗಳು ಆಳಂದಕ್ಕೆ ಹೋದಾಗ ಕಾಕಾನ ಹೆಂಡತಿಗೆ ಎಲ್ಲ ಹೇಳಿದೆ. ಕಾಕು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಂಗ ಗೊತ್ತದ ಯವ್ವಾ. ಅವತ್ತ ರಾತ್ರಿನ ಹೇಳಿದ್ರು, ಅವ್ವಗ ತಿಳೀಬಾರದು ಅಂತ. ಅತ್ತಿನೂ ಹೇಳಿದ್ಲು."

"ಆಯಿಗೆ ಗೊತ್ತಿತ್ತಾ?"

"ಕೈಯಾಗಿಂದ ನೀರ ಹಾಕಿದಾಕಿಗೆ ಗೊತ್ತಾಗಂಗಿಲ್ಲೇನು? ಆಮ್ಯಾಲೆ ಘತ್ತರಗಿಯಿಂದ ಒಮ್ಮಿನೂ ತೀರ್ಥ ತರಲಿಲ್ಲ, ಬರೇ ಭಂಡಾರದ ಅರಿಷಿಣ. 'ಮಗ ನನ್ನ ಸಲುವಾಗಿ ಸುಳ್ಳ ಹೇಳ್ಯಾನ, ನಂಗ ತಿಳದದ ಅಂತ ಹೇಳಬ್ಯಾಡ, ನೊಂದ್ಕೊಂತಾನ' ಅಂದಿದ್ಲು."

"ಮತ್ತ ನೀವು ಇಬ್ಬರಿಗೂ ಹೇಳಲಿಲ್ಲೇನ್ರಿ?"

"ಯಾಕ ಹೇಳಲಿ? ಇಬ್ರೂ ಹೊಟ್ಟಿ ತುಂಬ ಉಣ್ತಿದ್ರು, ಕಣ್ಣ ತುಂಬ ಮಲಗ್ತಿದ್ರು," ಎಂದು ಕಾಕು ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದರು. ಅದನ್ನು ಮಗುಚಿ, "ಈಗ ಒಬ್ಬಾಕಿನ ಉಣ್ಣೂದು ಬ್ಯಾಸರ ಆಗ್ತದ. ಕೂಡು, ಬಿಸಿ ಅದ," ಎಂದು ಎರಡು ತಾಟು ಹಾಕಿದರು.