ಎರಡೂ ಕೈಯಲ್ಲಿ ಹಿಡಿದ ಬಟ್ಟಲು

ಅಪ್ಪ ತೀರಿಕೊಂಡ ಸುದ್ದಿ ಬೆಳಗಿನ ಜಾವ ಬಂತು. ಎಷ್ಟೇ ಬೇಗ ಹೊರಟರೂ ಮರುದಿನಕ್ಕೆ ಮೊದಲು ಧಾರವಾಡ ತಲುಪುವಂತಿರಲಿಲ್ಲ. ಅಷ್ಟು ಹೊತ್ತು ಇಟ್ಟುಕೊಳ್ಳಲಾಗದು ಎಂದು ಹಿರಿಯರು ತೀರ್ಮಾನಿಸಿಬಿಟ್ಟಿದ್ದರು. ನಾನು ಒಬ್ಬಳೇ ಮಗಳು. ಬೆಂಕಿ ಕೊಡುವವನು ದೊಡ್ಡಪ್ಪನ ಮಗ, ನನಗೆ ಅಣ್ಣ.

"ಅಂವ ವಿಡಿಯೋ ಕಾಲ್ ಮಾಡ್ತಾನಂತ," ಎಂದಳು ಅವ್ವ. "ಹೆಣ್ಮಕ್ಕಳು ಸ್ಮಶಾನಕ್ಕ ಬರೂಹಂಗಿಲ್ಲಂತ, ನನ್ನ ಕಳಸೂದಿಲ್ಲ. ನೀನರ ಕಡೀತನಕ ನೋಡು. ಆಮ್ಯಾಲೆ ನನಗ ಹೇಳು."

ನನ್ನ ವಿಮಾನ ಸಂಜೆಗೆ. ಕಾಲ್ ಬರುವುದು ಇಲ್ಲಿನ ಹನ್ನೊಂದರ ಹೊತ್ತಿಗೆ ಎಂದಿದ್ದರು. ಈ ಡಚ್ ಊರು ಆಮ್ಸ್ಟೆಲ್‌ವೀನ್‌ನ ನನ್ನ ಕೋಣೆಯಲ್ಲಿ ಗೋಡೆ ನೋಡುತ್ತ ಕೂರಲಾರದೆ ಟ್ರಾಮ್ ಹತ್ತಿ ಮ್ಯೂಸಿಯಮ್ಮಿಗೆ ಹೋದೆ. ಅಲ್ಲಿ ಹಳೆಯ ಮಣ್ಣಿನ ಪಾತ್ರೆಗಳ ಮೇಲೆ ನನ್ನ ಸಂಶೋಧನೆ. ಮಾರ್ಗದರ್ಶಕರು ವಯಸ್ಸಾದ ಡಚ್ ಮನುಷ್ಯ. ವಿಷಯ ಕೇಳಿ ಮನೆಗೆ ಹೋಗು ಎಂದರು. ಯಾವ ಮನೆಗೆ ಎಂದು ಕೇಳಿದೆ, ಸ್ವಲ್ಪ ಒರಟಾಗಿಯೇ. ಅವರು ಉಗ್ರಾಣದೊಳಗೆ ಫೋನ್ ತರಬಾರದೆಂಬ ನಿಯಮವನ್ನು ಆ ದಿನ ನನಗಾಗಿ ಸಡಿಲಿಸಿದರು.

ಜಪಾನಿನ ಹಳೆಯ ಚಹಾ ಬಟ್ಟಲೊಂದರ ತಳದ ಫೋಟೋ ತೆಗೆಯಬೇಕಿತ್ತು. ಕಲ್ಲಿನಷ್ಟು ಗಟ್ಟಿಯಾಗಿ ಸುಟ್ಟ ಮಣ್ಣು, ಬೂದಿ ಬಣ್ಣದ ಮೆರುಗು. ತಳದ ಹತ್ತಿರ ಮೆರುಗು ತಾಗದ ಬೆರಳುಗಳ ಗುರುತು. ಮೆರುಗಿನ ದ್ರಾವಣದಲ್ಲಿ ಅದ್ದುವಾಗ ಕುಂಬಾರ ಹಿಡಿದುಕೊಂಡಿದ್ದ ಜಾಗ. ಗಾಜಿನಾಚೆಯಿಂದ ಅಯ್ಯೋ ಎಷ್ಟು ಚೆಂದ ಎನ್ನುವವರಿಗೆ ಅದು ಕಾಣುವುದೇ ಇಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಆ ನಿಮಿಷದ ಭಯದಲ್ಲೇ ನಮ್ಮ ವಿಭಾಗವೆಲ್ಲ ಬದುಕುತ್ತದೆ. ಬಟ್ಟೆಯ ಕೈಗವಸು ಹಾಕಿದರೆ ಜಾರುತ್ತದೆಂದು ಬರಿಗೈಯಲ್ಲೇ ಹಿಡಿಯಬೇಕು, ಅದೂ ಎರಡೂ ಕೈಯಲ್ಲಿ. ಸೂತಕದ ಕೈಯಲ್ಲಿ ಮುಟ್ಟಬಹುದೇ ಅನ್ನಿಸಿತು. ತೊಳೆದುಕೊಂಡು ಮುಟ್ಟಿದೆ.

ನಾನು ಬಟ್ಟಲನ್ನು ಓರೆಯಾಗಿ ಎತ್ತಿ ಹಿಡಿದಿದ್ದೆ. ಮಾರ್ಗದರ್ಶಕರು ಕೆಳಗಿನ ಮೆತ್ತೆ ಬದಲಾಯಿಸಲೆಂದು ತೆಗೆದಿದ್ದರು; ಬರಿ ಮೇಜಿನ ಮೇಲೆ ಬಟ್ಟಲು ಇಡುವಂತಿರಲಿಲ್ಲ. ಆಗ ಮೇಜಿನ ಆ ತುದಿಯಲ್ಲಿ ಫೋನ್ ಬಡಿದುಕೊಂಡಿತು. ಹತ್ತೂ ಆಗಿರಲಿಲ್ಲ. ರಾಹುಕಾಲಕ್ಕೆ ಮೊದಲೇ ಮುಗಿಸಬೇಕೆಂದು ಭಟ್ಟರು ಅವಸರ ಮಾಡಿದರಂತೆ. ಅದು ಆಮೇಲೆ ತಿಳಿದದ್ದು.

"ರುಸ್ತಿಖ್, ರುಸ್ತಿಖ್," ಎಂದರು ಅವರು. ಸಮಾಧಾನ, ಅವಸರ ಬೇಡ ಎನ್ನಲು ಇಲ್ಲಿಯವರ ಮಾತು. ಹೊಸ ಮೆತ್ತೆ ಪ್ಲಾಸ್ಟಿಕ್‌ನಿಂದ ಬಿಡಿಸಿಕೊಳ್ಳಲೊಲ್ಲದು. ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಆ ಹೊತ್ತು ಆ ಬಟ್ಟಲಿನ ಮೇಲೆ ಬಂದ ಸಿಟ್ಟು ನನಗೆ ಯಾವ ಮನುಷ್ಯರ ಮೇಲೂ ಬಂದದ್ದಿಲ್ಲ. ಬಿಟ್ಟುಬಿಡಬಹುದಿತ್ತು. ಬಿಡಲು ಕೈ ಬರಲಿಲ್ಲ.

ಮೆತ್ತೆ ಬಂದು, ಬಟ್ಟಲು ಇಳಿಸಿ, ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಅದು ನಿಂತಿತ್ತು. ತಿರುಗಿ ಮಾಡಿದೆ. ಮತ್ತೆ ಮಾಡಿದೆ. ಅಣ್ಣ ಎತ್ತಲಿಲ್ಲ. ಅಷ್ಟರಲ್ಲಿ ಅವನ ಹೆಗಲಿಗೆ ನೀರಿನ ಮಡಕೆ ಏರಿರಬೇಕು. ಚಿತೆ ಸುತ್ತಿ, ಹಿಂದಕ್ಕೆ ಕೆಡವಿ ಒಡೆದು, ತಿರುಗಿ ನೋಡದೆ ಬರಬೇಕಲ್ಲ. ನಾನು ಅಲ್ಲೇ ನೆಲದ ಮೇಲೆ ಕುಳಿತು ಅತ್ತೆ. ಮಾರ್ಗದರ್ಶಕರು ಪಕ್ಕದಲ್ಲಿ ಮೊಣಕಾಲೂರಿ ಕುಳಿತರು.

ಮಧ್ಯಾಹ್ನ ಅವ್ವನ ಕರೆ ಬಂತು.

"ಎಲ್ಲಾರೂ ಮುಗಿಸಿ ಬಂದಾರ. ನನಗ ಯಾರೂ ಏನೂ ಹೇಳವಲ್ರು. ನೀ ಹೇಳು. ರಾತ್ರಿ ಮಳಿ ಬಂದಿತ್ತು, ಕಟಗಿ ಹಸಿ ಇದ್ದೂವೇನೋ ಅಂತ ನನಗ ಚಿಂತಿ ಹತ್ತೇತಿ. ಬೆಂಕಿ ಲಗೂನ ಹತ್ತಿತೇನ?"

"ನಾ ನೋಡ್ಲಿಲ್ಲವ್ವಾ," ಎಂದೆ. "ಫೋನ್ ಎತ್ತಲಿಕ್ಕೆ ಆಗ್ಲಿಲ್ಲ. ಕೈಯಾಗ ಬಟ್ಟಲ ಇತ್ತು."

ಎಂಥ ಬಟ್ಟಲು ಎಂದು ಅವಳು ಕೇಳಲಿಲ್ಲ.

"ಹಂಗಾರ," ಎಂದಳು, "ನಮ್ಮ ಮನಿಯಾಗಿಂದ, ನಾನಾಗ್ಲಿ ನೀನಾಗ್ಲಿ, ಯಾರೂ ನೋಡ್ಲಿಲ್ಲ."